ಆ ಕಥೆಗಳು ನಡೆದೇ ಇರಲಿಲ್ಲ: ಆಲಿಸುವ ಕಲೆಯ ಕುರಿತು ಒಂದು ಪ್ರಕರಣ ಅಧ್ಯಯನ

ಸಂದರ್ಶನ ಕಲಿಯಲು ಬಂದವರಿಗೆ ಕೊಡುವ ಉಪದೇಶಗಳಲ್ಲಿ ‘ಚೆನ್ನಾಗಿ ಕೇಳಿಸಿಕೊಳ್ಳಿ’ ಎಂಬುದರಷ್ಟು ಸವಕಲಾದದ್ದು ಇನ್ನೊಂದಿಲ್ಲ. ತಲೆಯಾಡಿಸುವುದು, ನಡುವೆ ಬಾಯಿ ಹಾಕದಿರುವುದು, ಮೊಬೈಲನ್ನು ಬದಿಗಿಡುವುದು – ಇಷ್ಟು ಮಾಡಿದರೆ ಆಲಿಸಿದಂತಾಯಿತು ಎಂದು ಬಹಳ ಮಂದಿ ನಂಬಿದ್ದಾರೆ. ಇದೆಲ್ಲ ಸಭ್ಯತೆ, ಇರಲೇಬೇಕಾದದ್ದು. ಆದರೆ ಹೀಗೆ ಸಭ್ಯವಾಗಿ ಕುಳಿತು ಸುಳ್ಳನ್ನೂ ಅಚ್ಚುಕಟ್ಟಾಗಿ ಬರೆದುಕೊಂಡು ಬರಬಹುದು. ಆಲಿಸುವುದರ ನಿಜವಾದ ಕಷ್ಟ ಶುರುವಾಗುವುದು ಎದುರಿನವರು ಸೊಗಸಾಗಿ ಮಾತಾಡುತ್ತಿರುವಾಗ. ನಮ್ಮ ಬರಹಕ್ಕೆ ಬೇಕಾದ ಸಾಲುಗಳೇ ಒಂದರ ಹಿಂದೊಂದು ಉದುರುತ್ತಿರುವಾಗ ಕಿವಿ ಮಂದವಾಗುತ್ತದೆ, ಪೆನ್ನು ಮಾತ್ರ ಓಡುತ್ತದೆ.

ಇದನ್ನು ತೋರಿಸಿಕೊಡಲು ಅಮೆರಿಕದ ಜೀವನಚರಿತ್ರೆಕಾರ ರಾಬರ್ಟ್ ಕ್ಯಾರೊ 1970ರ ದಶಕದ ಉತ್ತರಾರ್ಧದಲ್ಲಿ ನಡೆಸಿದ ಒಂದು ಸಂದರ್ಶನಕ್ಕಿಂತ ಒಳ್ಳೆಯ ಪ್ರಕರಣ ನನಗೆ ಸಿಕ್ಕಿಲ್ಲ. ಅದನ್ನು ಕ್ಯಾರೊ ಅವರೇ ಹಲವೆಡೆ ಹೇಳಿಕೊಂಡಿದ್ದಾರೆ. 2019ರಲ್ಲಿ ಬಂದ ‘ವರ್ಕಿಂಗ್’ ಎಂಬ ಪುಸ್ತಕದಲ್ಲಿ ಬರೆದೂ ಇದ್ದಾರೆ. ಅಂದರೆ ಈ ಘಟನೆಯ ವಿವರವೆಲ್ಲ ಸಂದರ್ಶಕನ ಕಡೆಯಿಂದಲೇ ಬಂದದ್ದು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಪ್ರಕರಣದ ತಿರುಳೇ ಒಬ್ಬರ ಬಾಯಿಮಾತನ್ನು ಎಷ್ಟು ನಂಬಬಹುದು ಎಂಬುದು.

ಹಿನ್ನೆಲೆ

ಕ್ಯಾರೊ ಮೂಲತಃ ಪತ್ರಿಕಾ ವರದಿಗಾರರು. ನ್ಯೂಯಾರ್ಕ್ ನಗರದ ರೂಪವನ್ನೇ ಬದಲಿಸಿದ ಅಧಿಕಾರಿ ರಾಬರ್ಟ್ ಮೋಸಸ್ ಕುರಿತು ಅವರು ಬರೆದ ಬೃಹತ್ ಗ್ರಂಥ 1974ರಲ್ಲಿ ಹೊರಬಂತು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಆ ಒಂದು ಪುಸ್ತಕಕ್ಕಾಗಿ ಅವರು 522 ಸಂದರ್ಶನಗಳನ್ನು ನಡೆಸಿದ್ದರು. ಆಮೇಲೆ ಕೈಗೆತ್ತಿಕೊಂಡದ್ದು 1963ರಿಂದ 1969ರವರೆಗೆ ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ ಅವರ ಬದುಕನ್ನು. ಜಾನ್ಸನ್ 1973ರ ಜನವರಿಯಲ್ಲೇ ತೀರಿಕೊಂಡಿದ್ದರು. ಆದರೆ ಟೆಕ್ಸಾಸ್ ರಾಜ್ಯದ ಗುಡ್ಡಗಾಡು ಪ್ರದೇಶದಲ್ಲಿ, ಅವರು ಬೆಳೆದ ಜಾನ್ಸನ್ ಸಿಟಿ ಎಂಬ ಪುಟ್ಟ ಊರಿನಲ್ಲಿ, ಜೊತೆಗೆ ಓದಿದವರು, ಆಡಿದವರು ಇನ್ನೂ ಇದ್ದರು.

ಬಾಲ್ಯದ ಭಾಗ ಬೇಗ ಮುಗಿಯುತ್ತದೆ ಎಂಬುದು ಕ್ಯಾರೊ ಅವರ ಲೆಕ್ಕಾಚಾರವಾಗಿತ್ತು. ಜಾನ್ಸನ್ ಕುರಿತು ಹಲವು ಜೀವನಚರಿತ್ರೆಗಳು ಆಗಲೇ ಬಂದಿದ್ದವು. ತುಂಟ ಹುಡುಗ, ಎಲ್ಲರ ಅಚ್ಚುಮೆಚ್ಚು, ಹುಟ್ಟು ನಾಯಕ ಎಂಬ ಚಿತ್ರ ಎಲ್ಲದರಲ್ಲೂ ಒಂದೇ ಆಗಿತ್ತು. ಊರಿನವರೂ ಅವನ್ನೇ ಹೇಳುತ್ತಿದ್ದರು. ಆದರೆ ಹೇಳುವ ರೀತಿಯಲ್ಲಿ ಏನೋ ತಡೆ. ನಗರದಿಂದ ಬಂದು, ಒಂದು ವಾರ ಇದ್ದು, ಟಿಪ್ಪಣಿ ಮಾಡಿಕೊಂಡು ಹೋಗುವ ಬರಹಗಾರರನ್ನು ಅವರು ಸಾಕಷ್ಟು ನೋಡಿದ್ದರು. ಕ್ಯಾರೊ ಮತ್ತು ಅವರ ಪತ್ನಿ, ಸಂಶೋಧನೆಯಲ್ಲಿ ಅವರ ಏಕೈಕ ಜೊತೆಗಾರ್ತಿ ಐನಾ, ಕೊನೆಗೆ ಮನೆ ಬಿಟ್ಟು ಅಲ್ಲಿಗೇ ಹೋಗಿ ವರ್ಷಗಳ ಕಾಲ ನೆಲೆಸಿದರು. ಅದೂ ಆಲಿಸುವಿಕೆಯ ಒಂದು ಭಾಗವೇ, ಆದರೆ ಎಲ್ಲರ ಕೈಗೂ ಎಟುಕುವಂಥದ್ದಲ್ಲ. ನಾನು ನೋಡಬೇಕೆಂದಿರುವುದು ಅದಕ್ಕಿಂತ ಚಿಕ್ಕದನ್ನು: ಒಂದು ಊಟದ ಮೇಜು, ಒಂದು ಸಂಜೆ.

ಮೊದಲ ಸುತ್ತು

ಲಿಂಡನ್‌ಗೆ ಮೂವರು ತಂಗಿಯರು, ಒಬ್ಬ ತಮ್ಮ. ತಮ್ಮನ ಹೆಸರು ಸ್ಯಾಮ್ ಹೂಸ್ಟನ್ ಜಾನ್ಸನ್, 1914ರಲ್ಲಿ ಹುಟ್ಟಿದವರು, ಅಣ್ಣನಿಗಿಂತ ಐದು ವರ್ಷ ಚಿಕ್ಕವರು. ಒಂದೇ ಮನೆಯಲ್ಲಿ ಬೆಳೆದ ತಮ್ಮನಿಗಿಂತ ದೊಡ್ಡ ಸಾಕ್ಷಿ ಜೀವನಚರಿತ್ರೆಕಾರನಿಗೆ ಎಲ್ಲಿ ಸಿಗಬೇಕು? ಕ್ಯಾರೊ ಅವರ ಜೊತೆ ಬಹಳ ಹೊತ್ತು ಕಳೆದರು. ಸ್ಯಾಮ್ ಹೂಸ್ಟನ್ ಮಾತಿನ ಮಲ್ಲ. ಆಗ ಅವರಿಗೆ ಕುಡಿತದ ಚಟವೂ ಇತ್ತು. ಅಣ್ಣನ ಬಾಲ್ಯದ ಪ್ರಸಂಗಗಳನ್ನು ಉಪ್ಪು ಖಾರ ಹಚ್ಚಿ, ಜಂಬದಿಂದ ಹೇಳುತ್ತಿದ್ದರು. ಬರೆದುಕೊಂಡರೆ ನೇರವಾಗಿ ಅಚ್ಚಿಗೆ ಕಳಿಸಬಹುದಾದಂಥ ಪ್ರಸಂಗಗಳು.

ಕ್ಯಾರೊ ಅವನ್ನು ಬೇರೆಯವರಲ್ಲಿ ವಿಚಾರಿಸಿದರು. ಹೊಂದಿಕೆಯಾಗದ್ದು ಹೆಚ್ಚು. ಕೊನೆಗೆ, ಇವರು ಹೇಳಿದ ಯಾವುದನ್ನೂ ಬಳಸುವುದಿಲ್ಲ ಎಂದು ತೀರ್ಮಾನಿಸಿ ಸಂದರ್ಶನವನ್ನೇ ನಿಲ್ಲಿಸಿಬಿಟ್ಟರು.

ಈ ಪ್ರಕರಣವನ್ನು ಮೆಚ್ಚಿ ಹೇಳುವವರು ಸಾಮಾನ್ಯವಾಗಿ ಇದನ್ನು ದಾಟಿ ಮುಂದಿನ ನಾಟಕೀಯ ಸಂಜೆಗೆ ಓಡುತ್ತಾರೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಅಧ್ಯಕ್ಷರ ಸ್ವಂತ ತಮ್ಮ ಹೇಳಿದ ಸ್ವಾರಸ್ಯದ ಪ್ರಸಂಗಗಳು ಪುಟಗಟ್ಟಲೆ ಕೈಯಲ್ಲಿದ್ದಾಗ ಅವನ್ನು ಬದಿಗಿಡುವುದು ಯಾವ ಬರಹಗಾರನಿಗೂ ಸುಲಭವಲ್ಲ. ಬಳಸಿದ್ದರೆ ಯಾರೂ ಬೆರಳು ತೋರಿಸುತ್ತಿರಲಿಲ್ಲ. ‘ತಮ್ಮನೇ ಹೇಳಿದ್ದು’ ಎಂಬ ಗುರಾಣಿ ಇತ್ತಲ್ಲ. ಅವನ್ನು ಬಿಡಬೇಕಾದರೆ, ಹೇಳುವವರ ಹುರುಪಿಗೂ ಹೇಳಿದ್ದರ ಗಟ್ಟಿತನಕ್ಕೂ ನಡುವಿನ ಅಂತರ ಕಿವಿಗೆ ಬಿದ್ದಿರಬೇಕು. ಸಾವಿರ ಸಲ ಹೇಳಿ ನುಣುಪಾದ ಕಥೆಗೆ ಒಂದು ಲಕ್ಷಣವಿದೆ: ಎಲ್ಲಿ ನಗಬೇಕು, ಎಲ್ಲಿ ನಿಲ್ಲಬೇಕು ಎಂಬುದು ಹೇಳುವವರಿಗೆ ಮೊದಲೇ ಗೊತ್ತಿರುತ್ತದೆ. ನೆನಪು ಹಾಗಿರುವುದಿಲ್ಲ. ಅದು ತಡವರಿಸುತ್ತದೆ, ತನ್ನನ್ನೇ ತಿದ್ದಿಕೊಳ್ಳುತ್ತದೆ, ಕೇಳದ ಕಡೆಗೆ ಹೊರಳುತ್ತದೆ.

ಊಟದ ಮೇಜು

ಕೆಲ ಕಾಲದ ನಂತರ ಜಾನ್ಸನ್ ಸಿಟಿಯಲ್ಲಿ ಕ್ಯಾರೊ ಮತ್ತೆ ಸ್ಯಾಮ್ ಹೂಸ್ಟನ್ ಅವರನ್ನು ಕಂಡರು. ಆ ನಡುವೆ ಅವರಿಗೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾಗಿತ್ತು, ಕುಡಿತ ಬಿಟ್ಟಿದ್ದರು. ಇಬ್ಬರೂ ಕಾಫಿ ಕುಡಿಯುತ್ತ ಕುಳಿತಾಗ ಕ್ಯಾರೊ ಅವರಿಗೆ ಎದುರಿಗಿರುವುದು ಬೇರೆಯೇ ಮನುಷ್ಯ ಎಂದು ಅನ್ನಿಸಿತು. ಮಾತು ಇಳಿದಿತ್ತು, ಜಂಬ ಹೋಗಿತ್ತು. ‘ಇವರು ನಂಬಲರ್ಹರಲ್ಲ’ ಎಂದು ಒಮ್ಮೆ ಬರೆದಿಟ್ಟ ತೀರ್ಪನ್ನು ಕ್ಯಾರೊ ಅಲ್ಲಿಯೇ ಮತ್ತೆ ತೆರೆದರು. ಒಬ್ಬರನ್ನು ನಂಬದಿರುವುದಕ್ಕಿಂತ, ನಂಬದಿದ್ದವರನ್ನು ಮತ್ತೆ ಹೊಸದಾಗಿ ಕೇಳಿಸಿಕೊಳ್ಳುವುದು ಕಷ್ಟ.

ಅವರು ಮಾಡಿದ ಏರ್ಪಾಡು ಹೀಗಿತ್ತು. ಲಿಂಡನ್ ಬೆಳೆದ ಮನೆಯನ್ನು ರಾಷ್ಟ್ರೀಯ ಉದ್ಯಾನ ಸೇವೆ ಹಿಂದೆ ಇದ್ದಂತೆಯೇ ಕಾಪಾಡಿತ್ತು. ಪ್ರವಾಸಿಗರೆಲ್ಲ ಹೊರಟುಹೋದ ಮೇಲೆ ಸ್ಯಾಮ್ ಹೂಸ್ಟನ್ ಅವರನ್ನು ಅಲ್ಲಿಗೆ ಕರೆತರಲು ಕ್ಯಾರೊ ಅನುಮತಿ ಪಡೆದರು. ಊಟದ ಕೋಣೆಯಲ್ಲಿ ಉದ್ದನೆಯ ಹಲಗೆಯ ಮೇಜು. ಎರಡು ತುದಿಗಳಲ್ಲಿ ತಂದೆತಾಯಿಯರ ಕುರ್ಚಿಗಳು. ಎರಡು ಬದಿಗಳಲ್ಲಿ ಬೆಂಚುಗಳು, ಒಂದರಲ್ಲಿ ಹೆಣ್ಣುಮಕ್ಕಳು, ಇನ್ನೊಂದರಲ್ಲಿ ಗಂಡುಮಕ್ಕಳು. ಸಂಜೆಯ ಊಟದ ವೇಳೆ. ಹುಡುಗನಾಗಿದ್ದಾಗ ಕೂರುತ್ತಿದ್ದ ಜಾಗದಲ್ಲೇ ಕೂರುವಂತೆ ಸ್ಯಾಮ್ ಹೂಸ್ಟನ್ ಅವರನ್ನು ಕೇಳಿಕೊಂಡರು. ಕ್ಯಾರೊ ಮಾತ್ರ ಮೇಜಿಗೆ ಕೂರಲಿಲ್ಲ. ನೋಟ್‌ಬುಕ್ ಹಿಡಿದು ಅವರ ಬೆನ್ನ ಹಿಂದೆ ಕುಳಿತರು.

ಬೆನ್ನ ಹಿಂದೆ ಕುಳಿತದ್ದನ್ನು ಸ್ವಲ್ಪ ನೋಡಬೇಕು. ಸಂದರ್ಶಕ ಎದುರಿಗಿದ್ದರೆ ಹೇಳುವವರು ಅವನ ಮುಖ ಓದುತ್ತಾರೆ. ನಾವು ಹುಬ್ಬೇರಿಸಿದರೆ ಕಥೆಗೆ ಬಣ್ಣ ಏರುತ್ತದೆ. ಪೆನ್ನು ಓಡತೊಡಗಿದರೆ ‘ಇದು ಇವರಿಗೆ ಬೇಕಾದದ್ದು’ ಎಂದು ತಿಳಿದು ಅದನ್ನೇ ಇನ್ನಷ್ಟು ಕೊಡುತ್ತಾರೆ. ಮೆಚ್ಚುಗೆಯ ಮುಖವನ್ನು ಕಂಡೇ ಬದುಕಿದ ಮಾತುಗಾರನಿಂದ ಆ ಮುಖವನ್ನು ತೆಗೆದುಬಿಟ್ಟರೆ ಉಳಿಯುವುದು ಮೇಜು, ಬೆಂಚು, ತಂದೆಯ ಖಾಲಿ ಕುರ್ಚಿ. ಆಲಿಸುವವರು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕೆಂಬ ಸೂತ್ರವನ್ನು ಬಾಯಿಪಾಠ ಮಾಡಿಕೊಂಡವರಿಗೆ ಇದು ನುಂಗಲಾರದ ತುತ್ತು.

ಕ್ಯಾರೊ ಕೇಳಿದ ಮೊದಲ ಪ್ರಶ್ನೆ, ಊಟದ ಹೊತ್ತಿನಲ್ಲಿ ತಂದೆಗೂ ಲಿಂಡನ್‌ಗೂ ನಡೆಯುತ್ತಿದ್ದ ಜಗಳಗಳ ಬಗ್ಗೆ. ಮಾತು ಸಲೀಸಾಗಿ ಬರಲಿಲ್ಲ. ಒಂದೊಂದೇ ಸಾಲು, ನಡುವೆ ನಿಲುಗಡೆ. ಕ್ಯಾರೊ ಹಿಂದಿನಿಂದ ‘ಆಮೇಲೆ?’ ಎಂಬರ್ಥದ ಪ್ರಶ್ನೆಯನ್ನಷ್ಟೇ ಮತ್ತೆ ಮತ್ತೆ ಹಾಕುತ್ತಿದ್ದರು. ನಿಧಾನವಾಗಿ ಮಾತಿನ ವೇಗ ಏರಿತು. ಜಗಳದ ವರ್ಣನೆ ಹೋಗಿ ಜಗಳವೇ ಶುರುವಾಯಿತು. ಸ್ಯಾಮ್ ಹೂಸ್ಟನ್ ಎರಡೂ ಕಡೆಯ ಮಾತುಗಳನ್ನು ಕೂಗಿ ಕೂಗಿ ಆಡತೊಡಗಿದರು. ನೀನು ಕೆಲಸಕ್ಕೆ ಬಾರದವನು, ಬದುಕಿಡೀ ಹಾಗೇ ಇರುತ್ತೀಯ ಎಂದು ತಂದೆ. ನೀವೇನು ಮಹಾ, ಬಸ್ ಇನ್‌ಸ್ಪೆಕ್ಟರ್ ತಾನೆ ಎಂದು ಮಗ.

ಆ ಒಂದು ‘ಬಸ್ ಇನ್‌ಸ್ಪೆಕ್ಟರ್’ ಎಷ್ಟೆಲ್ಲವನ್ನು ಹೊತ್ತು ತರುತ್ತದೆ ನೋಡಿ. ತಂದೆ ಸ್ಯಾಮ್ ಈಲಿ ಜಾನ್ಸನ್ ರಾಜ್ಯ ಶಾಸನಸಭೆಯ ಸದಸ್ಯರಾಗಿದ್ದವರು, ಊರಿನಲ್ಲಿ ತಲೆಯೆತ್ತಿ ನಡೆದವರು. ಕುಟುಂಬದ ಹಳೆಯ ಜಮೀನನ್ನು ಅತಿ ಬೆಲೆ ಕೊಟ್ಟು ಕೊಂಡರು, ಹತ್ತಿಯ ಬೆಲೆ ಕುಸಿಯಿತು, ಜಮೀನು ಹೋಯಿತು, ಸಾಲ ಉಳಿಯಿತು. ಕೊನೆಗೆ ಸಿಕ್ಕಿದ್ದು ಬಸ್ಸುಗಳ ತಪಾಸಣೆಯ ನೌಕರಿ. ಒಂದು ಕಾಲಕ್ಕೆ ತಂದೆಯನ್ನೇ ಅನುಕರಿಸುತ್ತಿದ್ದ ಮಗ ಆ ಸೋಲನ್ನೇ ಎತ್ತಿ ಆಡುತ್ತಿದ್ದಾನೆ. ಇದನ್ನು ‘ತಂದೆಮಗನ ಸಂಬಂಧ ಹಳಸಿತ್ತು’ ಎಂದು ಯಾರಾದರೂ ಸಂದರ್ಶನದಲ್ಲಿ ಹೇಳಿದ್ದರೆ ಅದು ಬರೀ ಮಾಹಿತಿ. ಮೇಜಿನ ಬಳಿ ಹೊರಬಿದ್ದದ್ದು ಬಯ್ಗುಳ, ಮತ್ತು ಆ ಮನೆಯಲ್ಲಿ ಮಾತ್ರ ಹುಟ್ಟಬಹುದಾದ ಬಯ್ಗುಳ.

ಈಗ ಈ ಪ್ರಕರಣದ ಅತಿ ಮುಖ್ಯ ಪ್ರಶ್ನೆ. ಸ್ಯಾಮ್ ಹೂಸ್ಟನ್ ನಿಜವಾಗಿ ನೆನಪಿಸಿಕೊಳ್ಳುತ್ತಿದ್ದಾರೆ ಎಂದು ಮನವರಿಕೆಯಾದ ಮೇಲೆ ಕ್ಯಾರೊ ಕೇಳಿದರು: ನೀವಿಬ್ಬರೂ ಹುಡುಗರಾಗಿದ್ದಾಗಿನ ಆ ಸ್ವಾರಸ್ಯದ ಪ್ರಸಂಗಗಳನ್ನು ಹಿಂದೆ ಹೇಳಿದ್ದಿರಲ್ಲ, ಅವನ್ನೇ ಇನ್ನೊಮ್ಮೆ, ಇನ್ನಷ್ಟು ವಿವರವಾಗಿ ಹೇಳುತ್ತೀರಾ?

ದೀರ್ಘ ಮೌನ. ಆಮೇಲೆ ಅವರು, ಹೇಳಲಾಗುವುದಿಲ್ಲ ಎಂದರು. ಏಕೆ ಎಂದು ಕೇಳಿದ್ದಕ್ಕೆ ಬಂದ ಉತ್ತರ: ಅವು ನಡೆದೇ ಇರಲಿಲ್ಲ.

ಅಲ್ಲಿಂದ ಮುಂದೆ ಕ್ಯಾರೊ ಮಾತಾಡುವ ಅಗತ್ಯವೇ ಬೀಳಲಿಲ್ಲ. ಸ್ಯಾಮ್ ಹೂಸ್ಟನ್ ತಾವಾಗಿಯೇ ಅಣ್ಣನ ಬಾಲ್ಯದ ಇನ್ನೊಂದು ಕಥೆಯನ್ನು ಹೇಳತೊಡಗಿದರು. ಅದು ಅಚ್ಚಾಗಿದ್ದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆ ಪ್ರಶ್ನೆಯಲ್ಲಿ ಏನಿತ್ತು

‘ನೀವು ಹಿಂದೆ ಹೇಳಿದ್ದು ಸುಳ್ಳಲ್ಲವೇ?’ ಎಂದು ಕೇಳಬಹುದಿತ್ತು. ಕ್ಯಾರೊ ಅವರಲ್ಲಿ ಅನುಮಾನಕ್ಕೆ ಆಧಾರಗಳಿದ್ದವು, ಗದರಿಸಿ ಬಾಯಿ ಬಿಡಿಸುವ ಆಸೆ ಯಾವ ವರದಿಗಾರನಿಗೂ ಬರುವಂಥದ್ದೇ. ಹಾಗೆ ಕೇಳಿದ್ದರೆ ಸ್ಯಾಮ್ ಹೂಸ್ಟನ್ ತಮ್ಮ ಮರ್ಯಾದೆ ಕಾಯ್ದುಕೊಳ್ಳಲು ನಿಲ್ಲುತ್ತಿದ್ದರು, ಸುಳ್ಳಿಗೆ ಇನ್ನೊಂದು ಸುಳ್ಳು ಒದಗುತ್ತಿತ್ತು. ‘ಆ ಪ್ರಸಂಗಗಳೆಲ್ಲ ನಿಜ ತಾನೆ?’ ಎಂಬ ಮೃದುವಾದ ಪ್ರಶ್ನೆಯಿಂದಲೂ ಫಲವಿಲ್ಲ; ಅದಕ್ಕೆ ‘ಹೌದು’ ಸಾಕು. ಕ್ಯಾರೊ ಕೇಳಿದ್ದು ವಿವರವನ್ನು. ಅಷ್ಟು ಹೊತ್ತೂ ನಿಜವಾಗಿ ನಡೆದದ್ದನ್ನು ಕಣ್ಣಾರೆ ಕಾಣುತ್ತ ಹೇಳುತ್ತಿದ್ದ ಮನುಷ್ಯನಿಗೆ, ಅದೇ ಬಾಯಲ್ಲಿ ಕಟ್ಟುಕಥೆಯ ವಿವರ ಕೊಡಬೇಕಾಗಿ ಬಂದಾಗ ಕಾಣಲು ಏನೂ ಇರಲಿಲ್ಲ. ವ್ಯತ್ಯಾಸ ಅವರಿಗೇ ಕೇಳಿಸಿತು. ಆರೋಪ ಹೊರಿಸುವವರು ಕೋಣೆಯಲ್ಲಿ ಇರಲಿಲ್ಲವಾದ್ದರಿಂದ ಒಪ್ಪಿಕೊಳ್ಳುವುದಕ್ಕೆ ಅವಮಾನವೂ ಅಡ್ಡ ಬರಲಿಲ್ಲ.

ಆ ದೀರ್ಘ ಮೌನವನ್ನೂ ಗಮನಿಸಬೇಕು. ಹತ್ತರಲ್ಲಿ ಒಂಬತ್ತು ಸಂದರ್ಶಕರು ಅಲ್ಲಿ ಸಹಾಯಕ್ಕೆ ಧಾವಿಸುತ್ತಾರೆ: ‘ಪರವಾಗಿಲ್ಲ, ಬೇರೆ ಏನಾದರೂ ಹೇಳಿ’ ಎನ್ನುತ್ತಾರೆ. ಕ್ಯಾರೊ ಅವರಿಗೂ ಸುಮ್ಮನಿರುವುದು ಸಲೀಸಲ್ಲವಂತೆ. ಮೌನ ಹೇಳುವವರೇ ಮುರಿಯಲಿ ಎಂದು ಕಾಯುವಾಗ, ‘ಬಾಯಿ ಮುಚ್ಚು’ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳಾದ ‘ಎಸ್‌ಯು’ ಎಂದು ತಮ್ಮ ನೋಟ್‌ಬುಕ್ಕಿನಲ್ಲಿ ತಮಗೇ ಬರೆದುಕೊಳ್ಳುತ್ತಾರೆ. ಅವರ ಹಳೆಯ ಪುಸ್ತಕಗಳ ತುಂಬ ಆ ಎರಡು ಅಕ್ಷರಗಳಿವೆಯಂತೆ.

ಮೌನದ ಬೆಲೆ ತಿಳಿಯಲು ಪತ್ರಿಕೋದ್ಯಮದಿಂದ ಆಚೆಗೂ ನೋಡಬಹುದು. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣಗಳನ್ನು ಪರಿಶೀಲಿಸಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಉತ್ತರವೇ ಕೊಡದವರು ಕಡಿಮೆಯಾದರು. 1984ರಲ್ಲಿ ಹೊವಾರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ ವೈದ್ಯರ ಕೋಣೆಯಲ್ಲಿ ನಡೆದ 74 ಭೇಟಿಗಳನ್ನು ಅಧ್ಯಯನ ಮಾಡಿದರು. ತಾನು ಬಂದ ಕಾರಣವನ್ನು ಪೂರ್ತಿ ಹೇಳಿ ಮುಗಿಸುವ ಅವಕಾಶ ರೋಗಿಗೆ ಸಿಕ್ಕಿದ್ದು 17ರಲ್ಲಿ ಮಾತ್ರ. 51ರಲ್ಲಿ ವೈದ್ಯರು ನಡುವೆ ಬಾಯಿ ಹಾಕಿದ್ದರು, ಅದೂ ಸರಾಸರಿ 18 ಸೆಕೆಂಡಿಗೆ. ಪತ್ರಕರ್ತರ ಸಂದರ್ಶನಗಳನ್ನು ಹೀಗೆ ಅಳೆದರೆ ನಮ್ಮ ಮಾನ ಉಳಿಯುತ್ತದೆ ಎಂಬ ಭರವಸೆ ನನಗಿಲ್ಲ.

ಜಾಗವೂ ನೆನಪೂ

ಸ್ಯಾಮ್ ಹೂಸ್ಟನ್ ಅವರನ್ನು ಹಳೆಯ ಮನೆಗೆ ಕರೆದೊಯ್ದದ್ದಕ್ಕೆ ಮನೋವಿಜ್ಞಾನದಲ್ಲಿ ಆಧಾರವಿದೆ. ಕಲಿತ ಪರಿಸರದಲ್ಲೇ ನೆನಪು ಚೆನ್ನಾಗಿ ಬರುತ್ತದೆ ಎಂದು ಗಾಡನ್ ಮತ್ತು ಬ್ಯಾಡ್ಲಿ 1975ರಲ್ಲಿ ಮುಳುಗುಗಾರರ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು: ನೀರಿನಡಿ ಕಲಿತ ಪದಗಳು ನೀರಿನಡಿಯಲ್ಲೇ ಹೆಚ್ಚು ನೆನಪಾದವು. 1980ರ ದಶಕದಲ್ಲಿ ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ ಪೊಲೀಸರು ಸಾಕ್ಷಿಗಳನ್ನು ವಿಚಾರಿಸಲೆಂದು ರೂಪಿಸಿದ ವಿಧಾನದಲ್ಲೂ ಘಟನೆಯ ಸನ್ನಿವೇಶವನ್ನು ಮನಸ್ಸಿನಲ್ಲಿ ಮತ್ತೆ ಕಟ್ಟಿಕೊಳ್ಳುವುದು ಮೊದಲ ಹೆಜ್ಜೆ. ಸಾಕ್ಷಿಯನ್ನು ಸ್ಥಳಕ್ಕೇ ಒಯ್ಯಬೇಕಿಲ್ಲ. ಬೆಳಕು ಎಲ್ಲಿಂದ ಬರುತ್ತಿತ್ತು, ನೀವು ಎಲ್ಲಿ ನಿಂತಿದ್ದಿರಿ ಎಂದು ಕೇಳಿ, ಆಮೇಲೆ ಅಡ್ಡಿಪಡಿಸದೆ ಹೇಳಲು ಬಿಟ್ಟರೂ ಆಗುತ್ತದೆ. ಹಳೆಯ ಮನೆಯ ಬಾಗಿಲು ತೆರೆಸುವ ಅನುಕೂಲವಿಲ್ಲದ ನಮ್ಮಂಥವರಿಗೆ ಇದೇ ದಾರಿ.

ಇದನ್ನು ಮಂತ್ರದಂಡ ಎಂದುಕೊಳ್ಳಬಾರದು. ಮುಳುಗುಗಾರರ ಪ್ರಯೋಗವನ್ನು 2021ರಲ್ಲಿ ಮತ್ತೆ ಮಾಡಿದಾಗ ಅಂಥ ಫಲಿತಾಂಶ ಬರಲಿಲ್ಲ. ಕಣ್ಣೆದುರು ನಡೆದಂತೆ ಹೇಳಿದ್ದೆಲ್ಲ ನಿಜವೂ ಅಲ್ಲ. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಕಾರುಗಳ ಅಪಘಾತದ ಚಿತ್ರ ತೋರಿಸಿ ವೇಗವನ್ನು ಅಂದಾಜಿಸಲು ಹೇಳಿದಾಗ, ಪ್ರಶ್ನೆಯಲ್ಲಿ ಬಳಸಿದ ಕ್ರಿಯಾಪದ ಎಷ್ಟು ಬಿರುಸೋ ಉತ್ತರದ ವೇಗವೂ ಅಷ್ಟು ಏರಿತು. ‘ಆಮೇಲೆ?’ ಎಂಬ ಕ್ಯಾರೊ ಅವರ ಬಡಪಾಯಿ ಪ್ರಶ್ನೆಯ ಗುಣ ಇಲ್ಲಿ ತಿಳಿಯುತ್ತದೆ. ಅದು ಹೇಳುವವರಿಗೆ ಯಾವ ಪದವನ್ನೂ ಸಾಲ ಕೊಡುವುದಿಲ್ಲ.

ಬರಹಕ್ಕೆ ಬಂದದ್ದು

ಕ್ಯಾರೊ ಅವರ ಜಾನ್ಸನ್ ಮಾಲಿಕೆಯ ಮೊದಲ ಸಂಪುಟ 1982ರಲ್ಲಿ ಬಂತು. ಅಪ್ಪನನ್ನು ಆರಾಧಿಸುತ್ತಿದ್ದ, ಅಪ್ಪ ಸೋತಮೇಲೆ ಅವನಂತಾಗುವುದನ್ನೇ ಹೆದರುತ್ತಿದ್ದ ಹುಡುಗ ಅದರ ಬೆನ್ನೆಲುಬು. ತುಂಟ ಹುಡುಗನ ಪ್ರಸಂಗಗಳನ್ನೇ ನಂಬಿದ್ದರೆ ಬಾಲ್ಯದ ಅಧ್ಯಾಯ ಒಂದು ಮುಗುಳ್ನಗೆಯೊಂದಿಗೆ ಮುಗಿದು, ಅಧಿಕಾರಕ್ಕಾಗಿ ಆ ಮನುಷ್ಯ ಪಟ್ಟ ಹಸಿವಿಗೆ ಕಾರಣವೇ ಸಿಗದೆ ಹೋಗುತ್ತಿತ್ತು. ಬರಹದ ರಚನೆ ಬರೆಯುವ ಮೇಜಿನಲ್ಲಿ ತೀರ್ಮಾನವಾಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಇಲ್ಲಿ ಅದು ಸಂದರ್ಶನದಲ್ಲೇ ತೀರ್ಮಾನವಾಯಿತು.

ಇನ್ನೊಂದು ದಿಕ್ಕಿನಿಂದಲೂ ಇದು ನಿಜ. ಅಲ್ಲಿ ನಾನಿದ್ದಿದ್ದರೆ ಏನು ಕಾಣುತ್ತಿತ್ತು ಎಂದು ಕ್ಯಾರೊ ತಮ್ಮ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಹೇಳುವವರು ರೇಗುವಷ್ಟು ಕೇಳುತ್ತಾರೆ. ಈ ಹಟ ಬರಹಗಾರನದು. ಕೇಳುತ್ತಿರುವಾಗಲೇ ತನಗೆ ಯಾವ ವಾಕ್ಯ ಬರೆಯಲಾಗದು ಎಂಬುದು ಗೊತ್ತಾಗಬೇಕು: ಮೇಜು ಇತ್ತು ಎಂದರು, ಯಾರು ಎಲ್ಲಿ ಕೂರುತ್ತಿದ್ದರು ಎನ್ನಲಿಲ್ಲ, ಜಗಳವಾಗುತ್ತಿತ್ತು ಎಂದರು, ಮೊದಲು ಯಾರು ಶುರು ಮಾಡುತ್ತಿದ್ದರು ಎನ್ನಲಿಲ್ಲ. ಅದೇ ಪ್ರದೇಶದ ಹಳ್ಳಿಗಳಲ್ಲಿ, ವಿದ್ಯುತ್ ಬರುವ ಮೊದಲು ಹೆಂಗಸರು ಬಾವಿಯಿಂದ ನೀರು ಸೇದಿ ಹೊರುತ್ತಿದ್ದ ಕಷ್ಟವನ್ನು ಕೇಳುವಾಗ ಒಬ್ಬ ವೃದ್ಧೆ, ನೀನು ನಗರದವನು, ಒಂದು ಬಕೆಟ್ ನೀರಿನ ಭಾರ ನಿನಗೆ ಗೊತ್ತಿಲ್ಲ ಎಂದರಂತೆ. ಕ್ಯಾರೊ ಬಾವಿಗೆ ಬಕೆಟ್ ಇಳಿಸಿ ಸೇದಿ ನೋಡಿದರು. ಆಕೆಯ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿಕೊಂಡು ಬಂದಿದ್ದರೂ ಪ್ಯಾರಾ ತುಂಬುತ್ತಿತ್ತು. ಆದರೆ ಆಕೆ ಹೇಳಿದ್ದು ಉದ್ಧರಿಸುವುದಕ್ಕಲ್ಲ.

ನನಗಿರುವ ತಕರಾರುಗಳು

ಮೇಜಿನ ಬಳಿಯ ಸಂಜೆಯನ್ನು ನಾನು ಕಣ್ಣುಮುಚ್ಚಿ ಮೆಚ್ಚಲಾರೆ. ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದ ಮನುಷ್ಯನನ್ನು ಅವನ ಬಾಲ್ಯದ ನೋವಿನ ಜಾಗಕ್ಕೆ ಒಯ್ದು ಕೂರಿಸಿ, ಬೆನ್ನ ಹಿಂದೆ ಕುಳಿತು ಬರೆದುಕೊಳ್ಳುವುದರಲ್ಲಿ ಒಂದು ಕ್ರೌರ್ಯದ ಎಳೆಯೂ ಇದೆ. ಅವರು ಒಪ್ಪಿ ಬಂದಿದ್ದರು, ಸಂದರ್ಶಕರೆಂದೇ ತಿಳಿದು ಮಾತಾಡಿದರು, ನಿಜ. ಆದರೂ ಆ ಏರ್ಪಾಡನ್ನು ಆಘಾತಕ್ಕೊಳಗಾದವರ ಮೇಲೆ, ಮಕ್ಕಳ ಮೇಲೆ, ಹೇಳಲು ಸಿದ್ಧರಿಲ್ಲದವರ ಮೇಲೆ ಪ್ರಯೋಗಿಸುವುದನ್ನು ನಾನು ಒಪ್ಪುವುದಿಲ್ಲ.

ಎರಡನೆಯದು, ಐವತ್ತು ವರ್ಷಗಳ ಹಿಂದಿನ ಜಗಳದ ಮಾತುಗಳು ಅಕ್ಷರಶಃ ಹಾಗೇ ಇದ್ದವೆಂದು ಯಾರೂ ಪ್ರಮಾಣ ಮಾಡಲಾರರು. ಮೊದಲ ಸುತ್ತಿನಲ್ಲಿ ಕಟ್ಟುಕಥೆ ಹೇಳಿದವರು ಎರಡನೆಯ ಸುತ್ತಿನಲ್ಲಿ ಸತ್ಯವನ್ನೇ ಹೇಳಿದರು ಎಂದು ನಂಬಲು ಧ್ವನಿಯ ಏರಿಳಿತವೊಂದೇ ಸಾಲದು. ಕ್ಯಾರೊ ಕೂಡ ಅಷ್ಟಕ್ಕೆ ನಿಲ್ಲಲಿಲ್ಲ. ಸ್ಯಾಮ್ ಹೂಸ್ಟನ್ ಹೇಳಿದ ಪ್ರಸಂಗಗಳನ್ನು ಹಿಡಿದು, ಮೊದಲು ತಮಗೆ ಸವಿಗಥೆಗಳನ್ನಷ್ಟೇ ಹೇಳಿ ಕಳಿಸಿದ್ದ ಊರಿನವರ ಬಳಿಗೆ ಮತ್ತೆ ಹೋದರು. ಈ ಸಲ ‘ಲಿಂಡನ್ ಹೇಗಿದ್ದ?’ ಎಂದು ಕೇಳಬೇಕಾಗಿರಲಿಲ್ಲ. ಇಂಥ ದಿನ ಇಂಥದ್ದು ನಡೆಯಿತಂತೆ ಎಂದು ಕೇಳಿದರೆ ಸಾಕಿತ್ತು. ಹೌದು, ನಡೆದದ್ದು ನಿಜ ಎಂದರು. ಸ್ಯಾಮ್ ಹೂಸ್ಟನ್ ಬಿಟ್ಟಿದ್ದ ವಿವರಗಳನ್ನು ತಾವಾಗಿಯೇ ಸೇರಿಸಿದರು. 1978ರ ಡಿಸೆಂಬರ್‌ನಲ್ಲಿ ಸ್ಯಾಮ್ ಹೂಸ್ಟನ್ ತೀರಿಕೊಂಡ ಮೇಲೂ ಪುಸ್ತಕದ ಆ ಭಾಗ ಗಟ್ಟಿಯಾಗಿ ನಿಂತದ್ದು ಈ ಎರಡನೆಯ ಸುತ್ತಿನ ಓಡಾಟದಿಂದ.